ಉಮ್ಮನ ಕಿವಿಗೆ ಒಪ್ಪುವುದು ಯಾವುದು?

ಉಮ್ಮನಿಗೆ ಕಿವಿ ಮಂದವಾದಾಗ ನಾವು ಮಕ್ಕಳೆಲ್ಲ ಸೇರಿ ಶ್ರವಣ ಸಾಧನ ತೆಗೆಸಿಕೊಟ್ಟೆವು. ತಿಂಗಳು ತುಂಬುವುದರೊಳಗೆ ಅದು ಕಪಾಟು ಸೇರಿತು. "ಕುಂಯ್ ಅಂತ ಕೂಗುತ್ತದೆ ಮಗಳೇ, ತಲೆಗೆ ಬಟ್ಟೆ ಹಾಕಿದರೆ ಇನ್ನೂ ಜೋರು" ಎಂದರು. ಹಣ ಹೋದದ್ದಕ್ಕಿಂತ, ಎಲ್ಲರೂ ಊಟಕ್ಕೆ ಕುಳಿತು ಮಾತಾಡುವಾಗ ಅವರೊಬ್ಬರೇ ತಟ್ಟೆ ನೋಡುತ್ತಾ ಕೂರುವುದನ್ನು ಕಂಡು ಸಂಕಟವಾಗುತ್ತಿತ್ತು.

ಕೊನೆಗೆ ಬೇರೊಬ್ಬ ಶ್ರವಣ ತಜ್ಞೆಗೆ ತೋರಿಸಿದೆವು. ಮೆಷಿನ್‌ನಲ್ಲಿ ದೋಷವೇ ಇರಲಿಲ್ಲ. ಕಿವಿಯೊಳಗೆ ಕೂರುವ ತುದಿ ಉಮ್ಮನಿಗೆ ತಕ್ಕದ್ದಾಗಿರಲಿಲ್ಲ, ಅಷ್ಟೆ.

ಡೋಮ್ ಎಂದರೇನು?

ಡೋಮ್ ಎಂಬುದು ಪುಟ್ಟ ಕೊಡೆಯಾಕಾರದ ಮೆತ್ತನೆಯ ಸಿಲಿಕೋನ್ ತುದಿ. ಬೇರೆ ಬೇರೆ ಅಳತೆಗಳಲ್ಲಿ ಸಿದ್ಧವಾಗಿ ಸಿಗುತ್ತದೆ, ಅದೇ ದಿನ ಹಾಕಿಸಿಕೊಂಡು ಬರಬಹುದು. ರಂಧ್ರಗಳಿರುವ ಡೋಮ್ ಕಿವಿಯನ್ನು ಪೂರ್ತಿ ಮುಚ್ಚುವುದಿಲ್ಲ. ವಯಸ್ಸಾದವರಲ್ಲಿ ಹೆಚ್ಚಾಗಿ ತೀಕ್ಷ್ಣ ಸ್ವರಗಳು ಮಾತ್ರ ಕ್ಷೀಣಿಸುತ್ತವೆ, ದಪ್ಪ ಸ್ವರಗಳು ಚೆನ್ನಾಗಿಯೇ ಕೇಳುತ್ತವೆ. ಅಂಥವರಿಗೆ ಇದು ಹಿತ. ಮೋಲ್ಡ್ ಹಾಕಿ ಕಿವಿ ಮುಚ್ಚಿದರೆ ಅವರ ಸ್ವಂತ ಮಾತೇ ತಲೆಯೊಳಗೆ ಗುಂಯ್‌ಗುಡುತ್ತದೆ.

ಮೋಲ್ಡ್ ಯಾರಿಗೆ?

ಶ್ರವಣ ದೋಷ ಹೆಚ್ಚಿದ್ದರೆ ಮೆಷಿನ್ ಶಬ್ದವನ್ನು ಬಹಳ ಹೆಚ್ಚಿಸಬೇಕಾಗುತ್ತದೆ. ಆ ಶಬ್ದ ಡೋಮ್‌ನ ಸಂದಿಯಿಂದ ಹೊರಬಂದು ಮತ್ತೆ ಮೈಕ್ ಸೇರಿದಾಗ ಸಿಳ್ಳೆ ಹುಟ್ಟುತ್ತದೆ. ಮೈಕಿನ ಮೇಲೆ ಬಿಗಿಯಾಗಿ ಬಟ್ಟೆ ಬಂದರೆ ಸಿಳ್ಳೆ ಹೆಚ್ಚುತ್ತದೆ. ಉಮ್ಮನಿಗೆ ಆದದ್ದು ಇದೇ. ಸುಮಾರು 70 ಡೆಸಿಬಲ್‌ಗಿಂತ ಹೆಚ್ಚು ದೋಷವಿರುವವರಿಗೆ ಸಾಮಾನ್ಯವಾಗಿ ಮೋಲ್ಡ್ ಸೂಚಿಸುತ್ತಾರೆ.

ಮೋಲ್ಡ್ ಮಾಡಲು ಮೊದಲು ಕಿವಿ ಪರೀಕ್ಷಿಸಿ, ಒಳಗೆ ಹತ್ತಿಯ ಚಿಕ್ಕ ತಡೆ ಇಟ್ಟು, ಮೆತ್ತನೆಯ ಸಿಲಿಕೋನ್ ತುಂಬಿ ಅಚ್ಚು ತೆಗೆಯುತ್ತಾರೆ. ಕೆಲವೇ ನಿಮಿಷಗಳಲ್ಲಿ ಅದು ಗಟ್ಟಿಯಾಗುತ್ತದೆ. ನೋವಿಲ್ಲ, ತಣ್ಣಗೆ ತುಂಬಿಕೊಂಡಂತಾಗುತ್ತದೆ. ಅದರಿಂದ ಅಕ್ರಿಲಿಕ್ ಅಥವಾ ಸಿಲಿಕೋನ್ ಮೋಲ್ಡ್ ತಯಾರಾಗಿ ಬರಲು ಕೆಲ ದಿನ ಬೇಕು. ಗಾಳಿಯಾಡಲು ಸಣ್ಣ ರಂಧ್ರವನ್ನೂ ಬಿಡಿಸಬಹುದು.

ಪುಟ್ಟ ಮಕ್ಕಳಿಗೆ ಮೆತ್ತನೆಯ ಮೋಲ್ಡೇ ಸರಿ. ಡೋಮ್ ಕಳಚಿ ಬಾಯಿಗೆ ಹೋಗುವ ಭಯವಿದೆ. ಕಿವಿ ಬೇಗ ಬೆಳೆಯುವುದರಿಂದ ಹಸುಗೂಸಿಗೆ ಕೆಲ ತಿಂಗಳಿಗೊಮ್ಮೆ ಹೊಸದು ಬೇಕಾಗುತ್ತದೆ. ಮಗುವಿನ ಮೆಷಿನ್ ಸಿಳ್ಳೆ ಹಾಕತೊಡಗಿದರೆ ಮೋಲ್ಡ್ ಚಿಕ್ಕದಾಗಿರಬಹುದು ಎಂದು ತಿಳಿಯಿರಿ. ಕಿವಿ ಸೋರುವವರು ಮೊದಲು ವೈದ್ಯರಿಗೆ ತೋರಿಸಲಿ. ಮುಚ್ಚಿದ ಕಿವಿಯಲ್ಲಿ ತೇವ ನಿಂತು ಸೋರಿಕೆ ಹೆಚ್ಚಬಹುದು.

ನಿರ್ವಹಣೆ

ಡೋಮನ್ನು ಪ್ರತಿದಿನ ಒಣ ಬಟ್ಟೆಯಿಂದ ಒರೆಸಿ, ಕೆಲ ತಿಂಗಳಿಗೊಮ್ಮೆ ಬದಲಿಸಬೇಕು. ಕಿವಿಯ ಹಿಂದೆ ಕೂರುವ ಮೆಷಿನ್‌ನ ಕೊಳವೆಯಿರುವ ಮೋಲ್ಡನ್ನು ಬಿಡಿಸಿ, ಉಗುರುಬೆಚ್ಚಗಿನ ಸಾಬೂನು ನೀರಿನಲ್ಲಿ ತೊಳೆದು, ಕೊಳವೆಯ ನೀರು ಪೂರ್ತಿ ಒಣಗಿದ ಮೇಲೆ ಜೋಡಿಸಿ. ಕೊಳವೆ ಗಟ್ಟಿಯಾದರೆ ಬದಲಿಸಿ. ಆದರೆ ವೈರು ಇರುವ ತುದಿಗೆ ನೀರು ತಾಗಲೇಬಾರದು. ವುಝೂ, ಸ್ನಾನಕ್ಕೆ ಮುಂಚೆ ಸಾಧನವನ್ನು ತೆಗೆದಿಡಿ. ಕಿವಿ ಒರೆಸಿಕೊಂಡ ನಂತರವೇ ಹಾಕಿಕೊಳ್ಳಿ.

ಆಯ್ಕೆಗೆ ಮುನ್ನ

ಹೊರಗೆ ಕಾಣಬಾರದೆಂಬ ಒಂದೇ ಕಾರಣಕ್ಕೆ ಡೋಮ್ ಆರಿಸಬೇಡಿ. ಆಡಿಯೋಗ್ರಾಮ್ ಮುಂದಿಟ್ಟು ಕಾರಣ ಕೇಳಿ. ತಲೆಯ ಬಟ್ಟೆ ಹಾಕಿಕೊಂಡೇ ಪರೀಕ್ಷಿಸಿ, ಅಗಿಯಿರಿ, ಮಾತಾಡಿ. ಕೈ ನಡುಗುವವರು ತಾವೇ ಹಾಕಿ ತೆಗೆದು ನೋಡಲಿ. ತುದಿ ಬದಲಿಸಿದರೆ ಮೆಷಿನನ್ನು ಮತ್ತೆ ಪ್ರೋಗ್ರಾಂ ಮಾಡಿಸಬೇಕೆಂಬುದು ನೆನಪಿರಲಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಶ್ರವಣ ಪರೀಕ್ಷೆ, ಮೋಲ್ಡ್ ತಯಾರಿ ಎರಡೂ ನಡೆಯುತ್ತವೆ. ಕಡಿಮೆ ಆದಾಯದವರು ಕೇಂದ್ರ ಸರಕಾರದ ಅಡಿಪ್ ಯೋಜನೆಯ ಬಗ್ಗೆಯೂ ಅಲ್ಲಿ ವಿಚಾರಿಸಬಹುದು.

ಉಮ್ಮನಿಗೆ ಅದೇ ಮೆಷಿನ್‌ಗೆ ಮೋಲ್ಡ್ ಹಾಕಿಸಿದೆವು. ಮೊದಲ ವಾರ ಕಿವಿ ತುಂಬಿದಂತಿದೆ ಎಂದು ಗೊಣಗಿದರು, ಆಮೇಲೆ ಒಗ್ಗಿತು. ಈಗ ಊಟದ ಹೊತ್ತಿಗೆ ಮೊಮ್ಮಕ್ಕಳ ಜಗಳ ಬಿಡಿಸುವವರು ಅವರೇ. ನಿಮ್ಮ ಮನೆಯ ಕಪಾಟಿನಲ್ಲೂ ಹೀಗೊಂದು ಡಬ್ಬಿ ಬಿದ್ದಿದ್ದರೆ, ಇಂದೇ ತೆಗೆದು ಶ್ರವಣ ತಜ್ಞರ ಬಳಿಗೆ ಒಯ್ಯಿರಿ.