ಕೋಳಿಗೆ ಬೆವರಿಲ್ಲ, ಮರಳುಗಾಡಿಗೆ ಮಳೆಯಿಲ್ಲ

ಕೋಳಿಯ ಮೈಯ ಸಹಜ ಬಿಸಿಯೇ ಸುಮಾರು 41 ಡಿಗ್ರಿ ಸೆಲ್ಸಿಯಸ್. ಬೆವರಿನ ಗ್ರಂಥಿಗಳಿಲ್ಲ, ಮೇಲೆ ಪುಕ್ಕದ ಹೊದಿಕೆ ಬೇರೆ. ಸೆಕೆ ಏರಿದರೆ ರೆಕ್ಕೆ ಅಗಲಿಸಿ, ಕೊಕ್ಕು ತೆರೆದು ಏದುಸಿರು ಬಿಡುತ್ತದೆ. ಹಾಗೆ ಏದುತ್ತಾ ಇದ್ದರೆ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಅತಿಯಾಗಿ ಹೊರಹೋಗುತ್ತದೆ. ಬೇಸಿಗೆಯ ಮೊಟ್ಟೆಯ ಚಿಪ್ಪು ತೆಳ್ಳಗಾಗಲು ಅದೂ ಒಂದು ಕಾರಣ.

ಇಂಥ ಹಕ್ಕಿಯನ್ನು ಸೌದಿ ಅರೇಬಿಯಾದ ಕಸೀಮ್, ಹಾಯಿಲ್, ಅಲ್-ಖರ್ಜ್‌ಗಳಲ್ಲಿ ಲಕ್ಷಗಟ್ಟಲೆ ಸಾಕುತ್ತಾರೆ. ಹಾಲಿಗೆ ಹೆಸರಾದ ಅಲ್ಮರಾಯ್ ಕಂಪನಿ 2009ರಲ್ಲಿ ಹಾಯಿಲ್‌ನ ಕೃಷಿ ಕಂಪನಿಯೊಂದನ್ನು ಕೊಂಡು ಕೋಳಿಗೂ ಕೈಹಾಕಿತು. ಒಂದು ಕಾಲಕ್ಕೆ ಬ್ರೆಜಿಲ್‌ನ ಫ್ರೋಜನ್ ಕೋಳಿಯನ್ನೇ ನೆಚ್ಚಿದ್ದ ದೇಶ ಈಗ ತಾನು ತಿನ್ನುವುದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ತಾನೇ ಬೆಳೆಸುತ್ತದೆ.

ಇದು ಸಾಧ್ಯವಾದದ್ದು ಉದ್ದನೆಯ ಮುಚ್ಚಿದ ಶೆಡ್ಡಿನಿಂದ. ಒಂದು ತುದಿಯಲ್ಲಿ ಜೇನುಗೂಡಿನಂತೆ ಕಾಣುವ ದಪ್ಪ ಕಾಗದದ ಕೂಲಿಂಗ್ ಪ್ಯಾಡ್, ಅದರ ಮೇಲೆ ಸದಾ ಇಳಿಯುವ ನೀರು. ಇನ್ನೊಂದು ತುದಿಯಲ್ಲಿ ದೊಡ್ಡ ಫ್ಯಾನುಗಳು ಗಾಳಿಯನ್ನು ಹೊರಗೆಳೆಯುತ್ತವೆ. ಒಳಬರುವ ಬಿಸಿಗಾಳಿ ಒದ್ದೆ ಪ್ಯಾಡಿನ ನೀರನ್ನು ಆವಿ ಮಾಡುತ್ತಾ ತನ್ನ ಶಾಖವನ್ನೇ ಕಳೆದುಕೊಳ್ಳುತ್ತದೆ. ಕಲಬುರಗಿಯ ಮನೆಗಳ ಕೂಲರ್ ಕೆಲಸ ಮಾಡುವುದೂ ಹೀಗೆಯೇ. ಹೊರಗೆ 45 ಡಿಗ್ರಿ ಇದ್ದು ತೇವಾಂಶ ಶೇ. 10ರಷ್ಟಿದ್ದರೆ ಒಳಬರುವ ಗಾಳಿ 30 ಡಿಗ್ರಿಗಿಂತ ಕೆಳಗಿಳಿಯಬಲ್ಲದು. ಅಂದರೆ ಮರಳುಗಾಡಿನ ಒಣಹವೆ ಕೋಳಿಗೆ ಶತ್ರುವಲ್ಲ, ಮಿತ್ರ! ಕೆಂಪು ಸಮುದ್ರದ ದಂಡೆಯ ಜೆಡ್ಡಾದಲ್ಲಿ ಬಿಸಿಲು ಅಷ್ಟಿಲ್ಲದಿದ್ದರೂ ಗಾಳಿ ಜಿಗುಟು; ಅಲ್ಲಿ ಪ್ಯಾಡು ಸೋಲುತ್ತದೆ.

ತೊಂದರೆಗಳಿಗೂ ಕಡಿಮೆಯಿಲ್ಲ. ಧೂಳು, ಅಂತರ್ಜಲದ ಉಪ್ಪು ಸೇರಿ ಪ್ಯಾಡಿನ ರಂಧ್ರಗಳನ್ನು ಕಟ್ಟುತ್ತವೆ. ಕರೆಂಟು ಹೋಗಿ ಜನರೇಟರ್ ತಡಮಾಡಿದರೆ ಶೆಡ್ಡಿಗೆ ಶೆಡ್ಡೇ ಉಸಿರುಗಟ್ಟಿ ಸಾಯಬಹುದು. 2007ರಲ್ಲಿ ಅಲ್-ಖರ್ಜ್ ಸುತ್ತ ಹಕ್ಕಿಜ್ವರ ಕಾಣಿಸಿ ಲಕ್ಷಾಂತರ ಕೋಳಿಗಳನ್ನು ಕೊಲ್ಲಬೇಕಾಯಿತು.

ಆದರೆ ನಿಜವಾದ ಕಗ್ಗಂಟು ಮೇವಿನದು. ಕೋಳಿ ಸಾಕಣೆಯ ಖರ್ಚಿನಲ್ಲಿ ಬಹುಪಾಲು ಮುಸುಕಿನ ಜೋಳಕ್ಕೂ ಸೋಯಾ ಹಿಂಡಿಗೂ ಹೋಗುತ್ತದೆ. ಅವನ್ನು ಅಲ್ಲೇ ಬೆಳೆಯೋಣವೆಂದರೆ ನೀರೆಲ್ಲಿ? ಸಾವಿರಾರು ವರ್ಷಗಳ ಹಿಂದೆ ಇಂಗಿದ, ಮತ್ತೆ ತುಂಬದ ಅಂತರ್ಜಲವನ್ನು ಗೋಧಿಗೆ ಸುರಿದು ಕೈಸುಟ್ಟುಕೊಂಡ ಸರ್ಕಾರ 2016ರ ಹೊತ್ತಿಗೆ ದೇಶಿ ಗೋಧಿಯ ಖರೀದಿಯನ್ನೇ ನಿಲ್ಲಿಸಿತ್ತು. ಹಾಗಾಗಿ ಸ್ವಾವಲಂಬನೆ ಎಂಬ ಮಾತನ್ನು ನಾನಂತೂ ಅರ್ಧವೇ ಒಪ್ಪುತ್ತೇನೆ: ಬ್ರೆಜಿಲ್‌ನಿಂದ ಬರುವ ಕೋಳಿ ಕಡಿಮೆಯಾದರೂ, ಅಲ್ಲಿಯ ಕೋಳಿಗೆ ಜೋಳ ಅದೇ ಬ್ರೆಜಿಲ್, ಅರ್ಜೆಂಟೀನಾಗಳಿಂದ ಹಡಗಿನಲ್ಲಿ ಬರಬೇಕು.