ಬರ್ಮಾದ ಸೇನಾಧಿಪತಿಗಳೊಡನೆ: ಮಾತುಕತೆಯೋ, ಒತ್ತಡವೋ?

ಮಂಗಳೂರಿನಲ್ಲಿ ಜನಿಸಿ, ಮುಂಬಯಿಯ ಕಾರ್ಮಿಕ ಚಳವಳಿಯಲ್ಲಿ ಬೆಳೆದ ಜಾರ್ಜ್ ಫರ್ನಾಂಡಿಸ್ ಅವರನ್ನು ನಮ್ಮ ಹಿರಿಯ ಓದುಗರು ಮರೆತಿರಲಾರರು. ದೆಹಲಿಯ ಕೃಷ್ಣ ಮೆನನ್ ಮಾರ್ಗದಲ್ಲಿದ್ದ ಅವರ ಸರಕಾರಿ ನಿವಾಸದ ಆವರಣದಲ್ಲಿ ಬರ್ಮಾದಿಂದ ತಪ್ಪಿಸಿಕೊಂಡು ಬಂದ ವಿದ್ಯಾರ್ಥಿ ಹೋರಾಟಗಾರರಿಗೆ ಆಶ್ರಯ ದೊರೆತಿತ್ತು. 1998ರಲ್ಲಿ ಅವರು ದೇಶದ ರಕ್ಷಣಾ ಮಂತ್ರಿಯಾದರು. ಅದೇ ಸರಕಾರದ ವಿದೇಶಾಂಗ ಸಚಿವ ಜಸ್ವಂತ್ ಸಿಂಗ್ 2001ರ ಫೆಬ್ರವರಿಯಲ್ಲಿ ಬರ್ಮಾಕ್ಕೆ ತೆರಳಿ, ಭಾರತವೇ ನಿರ್ಮಿಸಿಕೊಟ್ಟ ಸುಮಾರು 160 ಕಿಲೋಮೀಟರ್ ಉದ್ದದ ತಮು-ಕಲೇವಾ ರಸ್ತೆಯನ್ನು ಸೇನಾಡಳಿತಕ್ಕೆ ಅರ್ಪಿಸಿ ಬಂದರು. ಒಂದೇ ಮಂತ್ರಿಮಂಡಲದ ಒಬ್ಬ ಸಚಿವರ ಮನೆಯಲ್ಲಿ ಸೇನೆಯ ವಿರೋಧಿಗಳು, ಇನ್ನೊಬ್ಬ ಸಚಿವರ ಕೈಯಲ್ಲಿ ಸೇನೆಗೆ ಉಡುಗೊರೆ. ಸರ್ವಾಧಿಕಾರಿ ಸರಕಾರವೊಂದನ್ನು ಮಾತಿನಿಂದ ತಿದ್ದಬೇಕೆ, ಒತ್ತಡದಿಂದ ಮಣಿಸಬೇಕೆ ಎಂಬ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟವಾದ ಚಿತ್ರ ನನಗೆ ಬೇರೆ ತೋರದು.

1988ರಲ್ಲಿ ಬರ್ಮಾದ ಜನ ಬೀದಿಗಿಳಿದಾಗ ಭಾರತದ ನಿಲುವಿನಲ್ಲಿ ಸಂದಿಗ್ಧವಿರಲಿಲ್ಲ. ಆಕಾಶವಾಣಿಯ ಬರ್ಮೀ ಪ್ರಸಾರ ಚಳವಳಿಯ ಪರವಾಗಿ ಮಾತನಾಡಿತು. ಗಡಿ ದಾಟಿ ಬಂದ ವಿದ್ಯಾರ್ಥಿಗಳಿಗೆ ನೆಲೆ ಸಿಕ್ಕಿತು. 1990ರ ಚುನಾವಣೆಯಲ್ಲಿ ಆಂಗ್ ಸಾನ್ ಸೂ ಕಿ ಅವರ ಪಕ್ಷ 392 ಸ್ಥಾನಗಳನ್ನು ಗೆದ್ದಿತಾದರೂ ಸೇನೆ ಅಧಿಕಾರ ಬಿಟ್ಟುಕೊಡಲಿಲ್ಲ. (ಸೂ ಕಿ ದೆಹಲಿಯ ಲೇಡಿ ಶ್ರೀರಾಮ್ ಕಾಲೇಜಿನ ಪದವೀಧರೆ, ಅವರ ತಾಯಿ ಭಾರತದಲ್ಲಿ ಬರ್ಮಾದ ರಾಯಭಾರಿಯಾಗಿದ್ದವರು.) ಆದರೆ 1643 ಕಿಲೋಮೀಟರ್ ಗಡಿ ಹಂಚಿಕೊಂಡ ದೇಶದೊಡನೆ ಮುನಿಸು ಬಹುಕಾಲ ನಡೆಯಲಿಲ್ಲ. ಈಶಾನ್ಯದ ಬಂಡುಕೋರರ ಶಿಬಿರಗಳು ಗಡಿಯಾಚೆಯ ಕಾಡಿನಲ್ಲಿದ್ದವು. ಸೇನಾಡಳಿತಕ್ಕೆ ಶಸ್ತ್ರಾಸ್ತ್ರ ಒದಗಿಸುತ್ತಿದ್ದ ಚೀನಾ ದಿನೇ ದಿನೇ ಹತ್ತಿರವಾಗುತ್ತಿತ್ತು. 1994ರಲ್ಲಿ ಗಡಿ ವ್ಯಾಪಾರ ಒಪ್ಪಂದಕ್ಕೆ ಸಹಿ ಬಿತ್ತು, ಮರುವರ್ಷ ಮಣಿಪುರದ ಮೋರೆಯಲ್ಲಿ ಬಾಗಿಲು ತೆರೆಯಿತು.

ಪಶ್ಚಿಮದ ದೇಶಗಳು ಹಿಡಿದದ್ದು ವಿರುದ್ಧ ದಾರಿ. ಅಮೆರಿಕ 1997ರಲ್ಲಿ ಹೊಸ ಬಂಡವಾಳ ಹೂಡಿಕೆಯನ್ನು ನಿಷೇಧಿಸಿ, 2003ರಲ್ಲಿ ಬರ್ಮಾದ ಸರಕುಗಳ ಆಮದನ್ನೂ ಡಾಲರ್ ವಹಿವಾಟನ್ನೂ ನಿಲ್ಲಿಸಿತು. ಮೂರು ದಶಕಗಳಿಂದ ಬ್ಯಾಂಕಿನ ಮೇಜಿನ ಹಿಂದೆ ಕುಳಿತಿರುವ ನನಗೆ ಈ ಭಾಗ ಮಾತ್ರ ಬೇಗ ಅರ್ಥವಾಗುತ್ತದೆ. ಊರಿನ ಎಲ್ಲ ಬ್ಯಾಂಕುಗಳೂ ಕೈಯೆತ್ತಿದಾಗ ಸುಸ್ತಿದಾರ ತಾನಾಗಿ ಬಂದು ಎದುರು ಕೂರುತ್ತಾನೆ. ಎದುರು ಬೀದಿಯ ಬ್ಯಾಂಕು ಹೊಸ ಸಾಲ ಕೊಟ್ಟಿತೋ, ನಮ್ಮ ನೋಟೀಸು ಅವನ ಕಪಾಟು ಸೇರುತ್ತದೆ. ಬರ್ಮಾದಲ್ಲಿ ಆದದ್ದೂ ಇದೇ. ಡಾಲರ್ ಮುಚ್ಚಿದೊಡನೆ ವ್ಯಾಪಾರ ಯೂರೋಗೆ, ಸಿಂಗಾಪುರದ ಬ್ಯಾಂಕುಗಳಿಗೆ ಸರಿಯಿತು. ಸಮುದ್ರದಡಿಯ ನೈಸರ್ಗಿಕ ಅನಿಲ ಕೊಳವೆಯ ಮೂಲಕ ಥಾಯ್ಲೆಂಡಿಗೆ ಹರಿಯುತ್ತಲೇ ಇತ್ತು. ಅದರ ಹಣ ಸೇನಾಡಳಿತದ ಬೊಕ್ಕಸಕ್ಕೆ ಬರುತ್ತಲೇ ಇತ್ತು. ಪೆಟ್ಟು ಬಿದ್ದದ್ದು ಅಮೆರಿಕಕ್ಕೆ ಉಡುಪು ಹೊಲಿಯುತ್ತಿದ್ದ ಕಾರ್ಖಾನೆಗಳ ಹೆಣ್ಣುಮಕ್ಕಳಿಗೆ. ಹತ್ತಾರು ಸಾವಿರ ಮಂದಿ ಕೆಲಸ ಕಳೆದುಕೊಂಡರು. ಆ ಅನಿಲದ ವ್ಯವಹಾರ ನಡೆಸುವ ಸರಕಾರಿ ಸಂಸ್ಥೆಯ ಮೇಲೆ ಐರೋಪ್ಯ ಒಕ್ಕೂಟ ನಿರ್ಬಂಧ ಹೇರಿದ್ದು 2022ರಲ್ಲಿ, ಅಮೆರಿಕ ಅದರ ಹಣಕಾಸು ಸೇವೆಗಳನ್ನು ತಡೆದದ್ದು 2023ರಲ್ಲಿ! ತಿಜೋರಿಯನ್ನು ಬಿಟ್ಟು ಹೊಲಿಗೆಯಂತ್ರವನ್ನು ಜಪ್ತಿ ಮಾಡಿದ ಹಾಗಾಯಿತು.

ಹಾಗಾದರೆ ಮಾತುಕತೆಯಾದರೂ ಫಲಿಸಿತೆ? ಆಗ್ನೇಯ ಏಷ್ಯಾದ ರಾಷ್ಟ್ರಕೂಟ ಆಸಿಯಾನ್ 1997ರಲ್ಲಿ ಬರ್ಮಾವನ್ನು ಸದಸ್ಯನನ್ನಾಗಿ ಸೇರಿಸಿಕೊಂಡಿತು. ಒಳಗೆ ಕರೆದುಕೊಂಡರೆ ನಡತೆ ಸುಧಾರಿಸೀತೆಂಬ ನಂಬಿಕೆ. 2010ರಲ್ಲಿ ಸೂ ಕಿ ಬಿಡುಗಡೆಯಾದಾಗ, 2015ರ ಚುನಾವಣೆಯಲ್ಲಿ ಅವರ ಪಕ್ಷ ಭಾರಿ ಬಹುಮತ ಪಡೆದಾಗ, ಮಾತಿನವರೂ ಒತ್ತಡದವರೂ ಗೆಲುವು ತಮ್ಮದೆಂದರು. ಆದರೆ 2008ರ ಸಂವಿಧಾನದಲ್ಲೇ ಸಂಸತ್ತಿನ ನಾಲ್ಕನೆಯ ಒಂದು ಭಾಗ ಸೇನೆಗೆ ಮೀಸಲಾಗಿತ್ತು. 2017ರಲ್ಲಿ ಸೇನೆಯ ಕಾರ್ಯಾಚರಣೆಗೆ ಬೆದರಿ ಏಳು ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾಗಳು ಬಾಂಗ್ಲಾದೇಶಕ್ಕೆ ಓಡಿದರು. 2021ರ ಫೆಬ್ರವರಿ 1ರ ಬೆಳಗ್ಗೆ ಸೇನೆ ತೆರೆಮರೆಯನ್ನೂ ಕಿತ್ತೆಸೆಯಿತು.

ಆ ವರ್ಷ ಮಾರ್ಚ್ 27ರ ಸಶಸ್ತ್ರಪಡೆಗಳ ದಿನದಂದು ಬರ್ಮಾದ ಬೀದಿಗಳಲ್ಲಿ ನೂರಕ್ಕೂ ಹೆಚ್ಚು ಮಂದಿ ಗುಂಡಿಗೆ ಬಲಿಯಾದರು. ಅಂದಿನ ಪಥಸಂಚಲನಕ್ಕೆ ಪ್ರತಿನಿಧಿಗಳನ್ನು ಕಳುಹಿಸಿದ ಎಂಟು ದೇಶಗಳಲ್ಲಿ ಭಾರತವೂ ಒಂದು. ಜೂನ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆ 119 ಮತಗಳಿಂದ ಖಂಡನಾ ನಿರ್ಣಯ ಅಂಗೀಕರಿಸಿದಾಗ ಭಾರತ ಮತದಾನದಿಂದ ದೂರ ಉಳಿಯಿತು. ನೆರೆಯವನು ಮಾತಿನ ಎಳೆಯನ್ನು ಕಡಿದುಕೊಳ್ಳಲಾಗದು ಎಂಬ ವಾದವನ್ನು ನಾನು ಒಪ್ಪುತ್ತೇನೆ. ಮಾತನಾಡಿದ್ದು ತಪ್ಪಲ್ಲ, ಬಹುಪಾಲು ಸೇನಾಧಿಪತಿಗಳೊಡನೆ ಮಾತ್ರ ಮಾತನಾಡಿದ್ದು, ಮಾತಿಗೆ ಪ್ರತಿಯಾಗಿ ಏನನ್ನೂ ಪಟ್ಟುಹಿಡಿದು ಕೇಳದಿದ್ದದ್ದು ತಪ್ಪು. 2021ರ ಡಿಸೆಂಬರಿನಲ್ಲಿ ನಮ್ಮ ವಿದೇಶಾಂಗ ಕಾರ್ಯದರ್ಶಿ ಅಲ್ಲಿಗೆ ಹೋದಾಗ ಸೂ ಕಿ ಪಕ್ಷದ ಪ್ರತಿನಿಧಿಗಳನ್ನೂ ಕಂಡರೆಂಬುದು ನಿಜ. ಅಂಥ ಭೇಟಿಗಳು ವಿರಳ.

ಕೇವಲ ಸ್ವಹಿತದ ಲೆಕ್ಕದಲ್ಲಿ ನೋಡಿದರೂ ಇದು ಲಾಭದ ಬಾಬತ್ತಾಗಲಿಲ್ಲ. ಕೋಲ್ಕತಾದಿಂದ ಸಿತ್ವೆ ಬಂದರು, ಅಲ್ಲಿಂದ ಕಲದಾನ್ ನದಿಯ ಮೂಲಕ ಪಲೆತ್ವಾ, ಅಲ್ಲಿಂದ ರಸ್ತೆಯಲ್ಲಿ ಮಿಜೋರಾಂ ತಲಪುವ ಯೋಜನೆಗೆ 2008ರಲ್ಲಿ ಸಹಿಯಾಯಿತು. ಬಂದರು ಕಾರ್ಯಾರಂಭ ಮಾಡಿದ್ದು 2023ರ ಮೇ ತಿಂಗಳಿನಲ್ಲಿ. ಎಂಟೇ ತಿಂಗಳಲ್ಲಿ, 2024ರ ಜನವರಿಯಲ್ಲಿ, ಪಲೆತ್ವಾ ಅರಾಕನ್ ಸೇನೆಯೆಂಬ ಬಂಡುಕೋರ ಪಡೆಯ ವಶವಾಯಿತು. ಯಾರ ಮನ ನೋಯಬಾರದೆಂದು ಇಷ್ಟು ವರ್ಷ ಎಚ್ಚರ ವಹಿಸಿದೆವೋ ಅವರ ಕೈಯಲ್ಲಿ ಆ ದಾರಿಯೇ ಉಳಿಯಲಿಲ್ಲ.

ದೆಹಲಿಗಿಂತ ಐಜ್ವಾಲ್ ಈ ವಿಷಯದಲ್ಲಿ ಬೇರೆಯಾಗಿ ನಡೆದುಕೊಂಡಿತು. 2021ರ ಮಾರ್ಚಿನಲ್ಲಿ ಕೇಂದ್ರ ಗೃಹ ಸಚಿವಾಲಯ ಗಡಿಯ ನಾಲ್ಕು ರಾಜ್ಯಗಳಿಗೆ ಒಳನುಸುಳುವಿಕೆಯನ್ನು ತಡೆಯುವಂತೆ ಸೂಚಿಸಿತು. ಬರುತ್ತಿದ್ದವರಲ್ಲಿ ಬಹುಮಂದಿ ಮಿಜೋಗಳ ಬಂಧುಗಳಾದ ಚಿನ್ ಜನ. ಅವರ ಕಷ್ಟಕ್ಕೆ ಕಣ್ಣುಮುಚ್ಚಿ ಕೂರಲಾಗದೆಂದು ಮುಖ್ಯಮಂತ್ರಿ ಜೋರಮ್‌ಥಂಗ ಪ್ರಧಾನಿಗೆ ಪತ್ರ ಬರೆದರು. ಚರ್ಚುಗಳೂ ಯುವಕ ಸಂಘಗಳೂ ಅಕ್ಕಿ, ಹೊದಿಕೆ ಹೊಂದಿಸಿದವು. ಮುಂದೆ ಮೂವತ್ತು ಸಾವಿರಕ್ಕೂ ಮಿಕ್ಕಿದ ಜನ ಅಲ್ಲಿ ನೆಲೆ ಕಂಡರು. ಅವರ ಮಕ್ಕಳನ್ನು ರಾಜ್ಯದ ಶಿಕ್ಷಣ ಇಲಾಖೆ ಸರಕಾರಿ ಶಾಲೆಗಳಿಗೆ ಸೇರಿಸಿಕೊಂಡಿತು.