ಒಂದು ಕವಾಟ ಬದಲಿಸುವಾಗ ಇನ್ನೊಂದರ ಚಿಂತೆ

ಮಾನವ ಹೃದಯವು ದಿನವೊಂದಕ್ಕೆ ಸುಮಾರು 1 ಲಕ್ಷ ಬಾರಿ ಮಿಡಿಯುತ್ತದೆ. ಪ್ರತಿ ಮಿಡಿತದಲ್ಲಿಯೂ ಅದರ ನಾಲ್ಕು ಕವಾಟಗಳು ತೆರೆದು ಮುಚ್ಚಿ, ರಕ್ತವು ಮುಂದಕ್ಕೆ ಮಾತ್ರ ಹರಿಯುವಂತೆ ಕಾಯುತ್ತವೆ. ಎಡಭಾಗದ ಎರಡು ಕವಾಟಗಳ ಹೊಣೆಯಂತೂ ಬಹು ಭಾರವಾದದ್ದು. ಶ್ವಾಸಕೋಶಗಳಿಂದ ಬಂದ ಶುದ್ಧರಕ್ತವು ಎಡ ಹೃತ್ಕರ್ಣದಿಂದ ಎಡ ಹೃತ್ಕುಕ್ಷಿಗೆ ಇಳಿಯುವ ದ್ವಾರದಲ್ಲಿ ಎರಡು ದಳಗಳ ಮೈಟ್ರಲ್ ಕವಾಟವಿದೆ. ಬಿಷಪ್ಪರ ಶಿರಸ್ತ್ರಾಣವನ್ನು ಹೋಲುವುದರಿಂದ ಅದಕ್ಕೆ ಆ ಹೆಸರು ಬಂದಿತು. ಹೃತ್ಕುಕ್ಷಿಯಿಂದ ಮಹಾಪಧಮನಿಗೆ ರಕ್ತ ಹೊರಡುವೆಡೆಯಲ್ಲಿ ಸಾಮಾನ್ಯವಾಗಿ ಮೂರು ದಳಗಳಿರುವ ಅಯೋರ್ಟಿಕ್ ಕವಾಟವಿದೆ. ಒಂದು ಒಳಬಾಗಿಲು, ಇನ್ನೊಂದು ಹೊರಬಾಗಿಲು. ಕೋಣೆ ಮಾತ್ರ ಒಂದೇ. ಆದುದರಿಂದಲೇ ಒಂದರ ಕಷ್ಟ ಇನ್ನೊಂದನ್ನು ಹಲವೊಮ್ಮೆ ತಟ್ಟುತ್ತದೆ.

ವಯಸ್ಸಾದಂತೆ ಕೆಲವರಲ್ಲಿ ಅಯೋರ್ಟಿಕ್ ಕವಾಟದ ದಳಗಳಲ್ಲಿ ಸುಣ್ಣದ ಅಂಶ ಶೇಖರವಾಗಿ ಅವು ಬಿರುಸಾಗುತ್ತವೆ. ಆರೋಗ್ಯವಂತರಲ್ಲಿ 3ರಿಂದ 4 ಚದರ ಸೆಂಟಿಮೀಟರಿನಷ್ಟು ತೆರೆಯುವ ದ್ವಾರವು 1 ಚದರ ಸೆಂಟಿಮೀಟರಿಗೂ ಕಡಿಮೆಯಾದಾಗ ರೋಗವು ತೀವ್ರವೆನಿಸುತ್ತದೆ. ಮೆಟ್ಟಿಲೇರುವಾಗ ಏದುಸಿರು, ಎದೆನೋವು, ತಲೆಸುತ್ತಿ ಬೀಳುವುದು ಇದರ ಮುಖ್ಯ ಲಕ್ಷಣಗಳು. ಈ ದ್ವಾರವನ್ನು ಅಗಲಗೊಳಿಸಬಲ್ಲ ಔಷಧಿ ಇಂದಿಗೂ ಇಲ್ಲ. ಕವಾಟವನ್ನು ಬದಲಿಸುವುದೇ ಪರಿಹಾರ. ಆದರೆ ಶಸ್ತ್ರಚಿಕಿತ್ಸೆಗೆ ಮುನ್ನ ನಡೆಯುವ ಎಕೋ ಪರೀಕ್ಷೆಯಲ್ಲಿ ಮೈಟ್ರಲ್ ಕವಾಟವೂ ಸೋರುತ್ತಿರುವುದು ಕೆಲವೊಮ್ಮೆ ಕಂಡುಬರುತ್ತದೆ. ಹೇಗೂ ಎದೆಯನ್ನು ತೆರೆಯುವುದರಿಂದ ಅದನ್ನೂ ಸರಿಪಡಿಸಬಾರದೇ ಎಂಬುದು ಮನೆಯವರ ಸಹಜ ಪ್ರಶ್ನೆ.

ಇದಕ್ಕೆ ಉತ್ತರವು ಸೋರಿಕೆಯ ಪ್ರಮಾಣದಷ್ಟೇ ಅದರ ಕಾರಣವನ್ನೂ ಅವಲಂಬಿಸಿದೆ. ಕೆಲವರಲ್ಲಿ ಮೈಟ್ರಲ್ ದಳಗಳು ನಿರ್ದೋಷವಾಗಿಯೇ ಇರುತ್ತವೆ. ಹೊರಬಾಗಿಲು ಕಿರಿದಾದುದರಿಂದ ಹೃತ್ಕುಕ್ಷಿಯಲ್ಲಿ ಒತ್ತಡ ಹೆಚ್ಚಿ, ಕ್ರಮೇಣ ಅದರ ಆಕಾರವೂ ಬದಲಾಗಿ, ದಳಗಳು ಒಂದನ್ನೊಂದು ಸೇರಲಾರದೆ ರಕ್ತ ಹಿಂದಕ್ಕೆ ಸೋರುತ್ತದೆ. ಇಂತಹ ಸೋರಿಕೆಯು ಅಲ್ಪ ಅಥವಾ ಮಧ್ಯಮ ಪ್ರಮಾಣದ್ದಾಗಿದ್ದರೆ, ಅಯೋರ್ಟಿಕ್ ಕವಾಟವನ್ನು ಬದಲಿಸಿ ಒತ್ತಡವನ್ನು ಇಳಿಸಿದ ಮೇಲೆ ಹಲವು ರೋಗಿಗಳಲ್ಲಿ ತಾನಾಗಿಯೇ ತಗ್ಗುತ್ತದೆ. ಅನಗತ್ಯವಾಗಿ ಅದಕ್ಕೆ ಕೈಹಾಕಿದರೆ ಹೃದಯ-ಶ್ವಾಸಕೋಶ ಯಂತ್ರದ ಮೇಲೆ ರೋಗಿಯು ಇರಬೇಕಾದ ಅವಧಿ ಹೆಚ್ಚುತ್ತದೆ. ವೃದ್ಧರಿಗೆ ಅದು ಸಣ್ಣ ವಿಷಯವಲ್ಲ. ಆದರೆ ಹೃತ್ಕರ್ಣವು ಹಿಗ್ಗಿದ್ದರೆ, ಮಿಡಿತದ ಲಯ ತಪ್ಪಿದ್ದರೆ, ಸೋರಿಕೆ ತಾನಾಗಿ ತಗ್ಗುವ ಭರವಸೆ ಕಡಿಮೆ.

ಇನ್ನು ಕೆಲವರಲ್ಲಿ ದೋಷವು ಮೈಟ್ರಲ್ ಕವಾಟದಲ್ಲಿಯೇ ಇರುತ್ತದೆ. ದಳವನ್ನು ಹಿಡಿದಿಟ್ಟಿರುವ ದಾರದಂತಹ ತಂತು ಕಡಿದಿರಬಹುದು, ದಳವು ಹಿಂದಕ್ಕೆ ಉಬ್ಬಿರಬಹುದು, ಇಲ್ಲವೇ ರುಮ್ಯಾಟಿಕ್ ಜ್ವರದಿಂದ ದಪ್ಪಗಾಗಿ ಮುದುಡಿರಬಹುದು. ಹೊರಬಾಗಿಲನ್ನು ಎಷ್ಟು ಚೆನ್ನಾಗಿ ಬದಲಿಸಿದರೂ ಇಂತಹ ದೋಷ ಮಾಯವಾಗದು. ಸೋರಿಕೆ ತೀವ್ರವಾಗಿದ್ದಲ್ಲಿ ಅದೇ ವೇಳೆಯಲ್ಲಿ ಸರಿಪಡಿಸುವುದೇ ಸಾಮಾನ್ಯವಾಗಿ ವಿಹಿತ. ಬಿಟ್ಟರೆ ಏದುಸಿರು ಉಳಿಯುತ್ತದೆ; ಮುಂದೊಮ್ಮೆ ಎದೆಯನ್ನು ಮತ್ತೆ ತೆರೆಯುವುದು, ಹಳೆಯ ಗಾಯದ ಅಂಗಾಂಶಗಳು ಅಂಟಿಕೊಂಡಿರುವುದರಿಂದ, ಮೊದಲಿಗಿಂತ ಕಷ್ಟಕರ.

ಮೈಟ್ರಲ್ ಕವಾಟವನ್ನು ಕಿತ್ತೆಸೆಯದೆ ದುರಸ್ತಿ ಮಾಡುವ ಕಲೆಯನ್ನು ಶಾಸ್ತ್ರಬದ್ಧಗೊಳಿಸಿದವರಲ್ಲಿ ಪ್ಯಾರಿಸ್ಸಿನ ಶಸ್ತ್ರವೈದ್ಯ ಅಲೆನ್ ಕಾರ್ಪಾಂತಿಯೆ ಅಗ್ರಗಣ್ಯರು. 1983ರಲ್ಲಿ ಅವರು ಪ್ರಕಟಿಸಿದ ಪ್ರಬಂಧ ಪ್ರಸಿದ್ಧವಾಗಿದೆ. ದಳದ ಕೆಟ್ಟ ಭಾಗವನ್ನು ಕತ್ತರಿಸಿ ಹೊಲಿಯುವುದು, ಕೃತಕ ತಂತುಗಳನ್ನು ಜೋಡಿಸುವುದು, ಹಿಗ್ಗಿದ ದ್ವಾರಕ್ಕೆ ಉಂಗುರವೊಂದನ್ನು ತೊಡಿಸಿ ಬಿಗಿಗೊಳಿಸುವುದು ಇದರ ವಿಧಾನಗಳು. ಬಳಿಕ ಹೃತ್ಕುಕ್ಷಿಗೆ ಲವಣಜಲ ತುಂಬಿಸಿ ದಳಗಳು ಸರಿಯಾಗಿ ಮುಚ್ಚುತ್ತವೆಯೇ ಎಂದು ನೋಡುತ್ತಾರೆ. ಸಾಮಾನ್ಯವಾಗಿ ಈ ದುರಸ್ತಿ ಮುಗಿದ ನಂತರವೇ ಹೊಸ ಅಯೋರ್ಟಿಕ್ ಕವಾಟವನ್ನು ಹೊಲಿಯುವರು. ಹೃದಯ ಮತ್ತೆ ಮಿಡಿಯತೊಡಗಿದಾಗ, ಅನ್ನನಾಳದೊಳಗೆ ಇಳಿಸಿದ ಎಕೋ ಸಾಧನವು ದುರಸ್ತಿ ಫಲಿಸಿತೋ ಇಲ್ಲವೋ ಎಂಬುದನ್ನು ಅಲ್ಲಿಯೇ ತೋರಿಸುತ್ತದೆ.

2002ರಲ್ಲಿ ಫ್ರಾನ್ಸಿನ ಅಲೆನ್ ಕ್ರಿಬಿಯೆ ಎದೆಯನ್ನು ತೆರೆಯದೆ, ರಕ್ತನಾಳದ ಮೂಲಕವೇ ಅಯೋರ್ಟಿಕ್ ಕವಾಟವನ್ನು ಮೊದಲ ಬಾರಿಗೆ ಅಳವಡಿಸಿದರು. ಇಂದು ವಯೋವೃದ್ಧರಿಗೆ ಇದು ದೊಡ್ಡ ವರದಾನ. ಆದರೆ ಈ ವಿಧಾನವು ಮೈಟ್ರಲ್ ಕವಾಟವನ್ನು ದುರಸ್ತಿ ಮಾಡುವುದಿಲ್ಲ. ಸೋರಿಕೆ ಉಳಿದಲ್ಲಿ, ಆಯ್ದ ರೋಗಿಗಳಿಗೆ ರಕ್ತನಾಳದ ಮೂಲಕವೇ ದಳಗಳನ್ನು ಕ್ಲಿಪ್ಪಿನಿಂದ ಹಿಡಿಸುವ ಚಿಕಿತ್ಸೆ ಉಂಟು; ಎಲ್ಲ ಕವಾಟಗಳಿಗೂ ಅದು ಒಪ್ಪುವುದಿಲ್ಲ. ಆದ್ದರಿಂದ ಸುಲಭದ ದಾರಿ ಯಾವುದೆಂದು ಕೇಳುವ ಮುನ್ನ ಎರಡೂ ಕವಾಟಗಳ ಸ್ಥಿತಿಯನ್ನು ಒಟ್ಟಿಗೆ ತೂಗಿ ನೋಡಬೇಕು.

ಅಮೆರಿಕದಲ್ಲಿ ನೆಲೆಸಿರುವ ನಾವು ಇನ್ನೊಂದು ಮಾತನ್ನು ನೆನಪಿಡಬೇಕು. ಕರ್ನಾಟಕದಲ್ಲಿ ಬೆಳೆದ ನಮ್ಮ ಹಿರಿಯರಲ್ಲಿ ಕೆಲವರಿಗೆ ಬಾಲ್ಯದಲ್ಲಿ ಗಂಟಲುನೋವಿನ ಬೆನ್ನಿಗೆ ಜ್ವರ, ಕೀಲುನೋವು ಬಂದು ಹೋಗಿರಬಹುದು. ಅದು ರುಮ್ಯಾಟಿಕ್ ಜ್ವರವಾಗಿದ್ದಿರುವ ಸಾಧ್ಯತೆ ಉಂಟು. ಇಲ್ಲಿ ಆ ರೋಗ ಅಪರೂಪವಾದುದರಿಂದ ವೈದ್ಯರಿಗೆ ಅದನ್ನು ತಿಳಿಸುವ ಹೊಣೆ ನಮ್ಮದು. ಏಕೆಂದರೆ ರುಮ್ಯಾಟಿಕ್ ಕವಾಟದ ದುರಸ್ತಿ ಕಷ್ಟ, ಬಾಳಿಕೆಯೂ ಕಡಿಮೆಯಾಗಬಹುದು, ಎರಡೂ ಕವಾಟಗಳನ್ನು ಬದಲಿಸಬೇಕಾಗಿ ಬರಬಹುದು. ಲೋಹದ ಕವಾಟವಾದರೆ ಜೀವನಪರ್ಯಂತ ವಾರ್ಫರಿನ್ ಸೇವನೆ ಹಾಗೂ ಕ್ರಮವಾದ ರಕ್ತಪರೀಕ್ಷೆ ಅನಿವಾರ್ಯ. ಶಸ್ತ್ರಚಿಕಿತ್ಸೆಯ ನಂತರ ಊರಿಗೆ ಮರಳುವ ತಂದೆತಾಯಿಯರಿಗೆ ಆ ಪರೀಕ್ಷೆ ಅಲ್ಲಿ ಕೈಗೆಟುಕುವಂತಿದೆಯೇ ಎಂಬುದನ್ನೂ ಮೊದಲೇ ಯೋಚಿಸಬೇಕು.

ಶಸ್ತ್ರಚಿಕಿತ್ಸೆಯ ದಿನ ಗೊತ್ತಾಗುವ ಮುನ್ನ ವೈದ್ಯರನ್ನು ವಿನಯದಿಂದ, ಆದರೆ ಸಂಕೋಚವಿಲ್ಲದೆ ಕೇಳಿರಿ: ಸೋರಿಕೆಗೆ ಕಾರಣವೇನು? ತಾನಾಗಿ ತಗ್ಗುವ ಸಂಭವವೆಷ್ಟು? ದುರಸ್ತಿ ಮಾಡಿದರೆ ಅಪಾಯ ಎಷ್ಟು ಹೆಚ್ಚುತ್ತದೆ, ಬಿಟ್ಟರೆ ಮುಂದೇನು? ದುರಸ್ತಿ ಫಲಿಸದಿದ್ದರೆ ಯಾವ ಬಗೆಯ ಕವಾಟವನ್ನು ಅಳವಡಿಸುತ್ತೀರಿ? ಅರಿವಳಿಕೆಯ ನಿದ್ರೆಗೆ ಜಾರಿದ ಮೇಲೆ ರೋಗಿಯು ತನ್ನ ಇಚ್ಛೆಯನ್ನು ಹೇಳಲಾರ. ಹಾಗಾಗಿ ಅದನ್ನು ಮೊದಲೇ ಅವರ ಬಾಯಿಂದಲೇ, ಅವರಿಗೆ ಅರ್ಥವಾಗುವ ಕನ್ನಡದಲ್ಲಿಯೇ ಕೇಳಿ ತಿಳಿದುಕೊಳ್ಳುವುದು ಮಕ್ಕಳಾದ ನಮ್ಮ ಕರ್ತವ್ಯ.